ಅತ್ತೆಯ ಎದುರಿಗೆ ಕೇಳಿದ ಪ್ರಶ್ನೆ

ತಾಯಿ ಕಾರ್ಡು ತುಂಬುವುದರಲ್ಲಿ ನನ್ನಷ್ಟು ಚುರುಕಿನವಳು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಇನ್ನೊಬ್ಬಳಿರಲಿಲ್ಲ. ಇದನ್ನು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ನಾಲ್ಕು ಕಿಲೋಮೀಟರ್ ಹೋದರೆ ಸಿಗುವ ಹಳ್ಳಿಯ ಉಪಕೇಂದ್ರದಲ್ಲಿ ನಾನು ನರ್ಸು. ಒಂದು ಕೋಣೆ, ಒಂದು ಜಗುಲಿ, ಒಂದು ತೂಕದ ಯಂತ್ರ, ಅಷ್ಟೇ ನಮ್ಮ ವೈಭವ. ಬಸುರಿ ಬಂದಳೆಂದರೆ ತೂಕ, ಎತ್ತರ, ಬಿ.ಪಿ., ಬೆರಳ ತುದಿಯ ರಕ್ತ, ಕೊನೆಯ ಮುಟ್ಟಿನ ತಾರೀಖು. ಆಮೇಲೆ ಕಾಯಿಲೆಗಳ ಸಾಲು. ಸಕ್ಕರೆ, ಹೃದಯ, ಟಿ.ಬಿ., ಥೈರಾಯ್ಡ್, ಮೂರ್ಛೆ. ಒಂದೊಂದನ್ನೂ ಓದುವುದು, ಇಲ್ಲ ಎಂದ ಕಡೆ ಗುರುತು ಹಾಕುವುದು. ಹನ್ನೆರಡು ನಿಮಿಷದಲ್ಲಿ ಒಂದು ಕಾರ್ಡು ಮುಗಿಸುತ್ತಿದ್ದೆ.

ಆ ಹುಡುಗಿ ಮೊದಲ ಸಲ ಬಂದದ್ದು ಜೂನ್ ತಿಂಗಳಲ್ಲಿ, ಹೊಗೆಸೊಪ್ಪಿನ ಗಿಡ ಮೊಣಕಾಲುದ್ದ ಬೆಳೆದಿದ್ದಾಗ. ಇಪ್ಪತ್ತೆರಡು ವರ್ಷ, ಸರಗೂರಿನ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದು ವರ್ಷವಾಗಿತ್ತು. ಜೊತೆಗೆ ಅತ್ತೆ. ಊರಿನಲ್ಲಿ ಎಲ್ಲರೂ ಮಾಡುವಂತೆ ಮೂರನೇ ತಿಂಗಳು ಹಿಡಿಯುವ ತನಕ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ನಾನು ಎಂದಿನಂತೆ ಒಂದಿಷ್ಟು ಗೊಣಗಿದೆ. ಅತ್ತೆ ಎಂದಿನಂತೆ ನಕ್ಕರು. ಇಬ್ಬರನ್ನೂ ಜಗುಲಿಯ ಬೆಂಚಿನ ಮೇಲೆ ಅಕ್ಕಪಕ್ಕ ಕೂರಿಸಿ ಕಾಯಿಲೆಗಳ ಸಾಲು ಓದಿದೆ. ಹುಡುಗಿ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದಳು. ಉತ್ತರ ಬಂದದ್ದೆಲ್ಲ ಅತ್ತೆಯಿಂದ.

"ಮೂರ್ಛೆ, ಫಿಟ್ಸು ಏನಾದ್ರೂ ಇದೆಯೇನಮ್ಮ?"

"ಬುಡ್ತು ಅನ್ನವ್ವ! ನಾವು ನೋಡಿ ವಿಚಾರ್ಸಿ ತಂದಿರೋ ಹೆಣ್ಣು ಕಣವ್ವ. ಅಂಥ ಮನೆಯಿಂದ ತತ್ತೀವಾ?"

ಇಲ್ಲ ಎಂದು ಗುರುತು ಹಾಕಿದೆ. ರಕ್ತ ಕಡಿಮೆ ಇದೆಯೇ ಎಂದು ನೋಡಲು ಕಣ್ಣಿನ ರೆಪ್ಪೆ ಬಿಡಿಸಿದೆ, ನಾಲಿಗೆ ಚಾಚಲು ಹೇಳಿದೆ, ಬಣ್ಣ ನೋಡಿದೆ. ಫೋಲಿಕ್ ಆಸಿಡ್‌ನ ಪುಟ್ಟ ಹಳದಿ ಮಾತ್ರೆಗಳನ್ನು ಎಣಿಸಿ ಕೊಟ್ಟು, ಹೊಗೆಸೊಪ್ಪು ಮುರಿಯುವಾಗ ಹಸಿ ಎಲೆ ಮುಟ್ಟಬೇಡ, ಅದರ ವಿಷ ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಕೂಸಿನ ಮಿದುಳಿಗೆ ಒಳ್ಳೆಯದಲ್ಲ ಎಂದು ನನ್ನ ಭಾಷಣವನ್ನೂ ಮಾಡಿದೆ. ಮುಂದಿನವಳನ್ನು ಕರೆದೆ.

ಐದನೇ ತಿಂಗಳ ಸ್ಕ್ಯಾನಿಂಗಿಗೆ ಗಂಡ ಮತ್ತು ಅತ್ತೆ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದರು. ಅವತ್ತು ಮಧ್ಯಾಹ್ನ ಸ್ಕ್ಯಾನಿಂಗ್ ಡಾಕ್ಟರು ತಾಯಿ ಕಾರ್ಡಿನ ಮೇಲಿದ್ದ ನನ್ನ ನಂಬರಿಗೆ ಫೋನ್ ಮಾಡಿದರು. ಡಾಕ್ಟರೇ ನೇರವಾಗಿ ಫೋನ್ ಮಾಡಿದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂಬುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. "ನಾಳೆ ಮನೆಯವರ ಜೊತೆ ನೀವೂ ಬನ್ನಿ ಸಿಸ್ಟರ್. ಇವರಿಗೆ ಅರ್ಥ ಮಾಡಿಸೋಕೆ ಊರಿನೋರು ಒಬ್ಬರು ಬೇಕು," ಎಂದರು.

ಮರುದಿನ ಆ ಡಾಕ್ಟರಮ್ಮ ನಮ್ಮ ನಾಲ್ವರನ್ನೂ ಕೂರಿಸಿಕೊಂಡು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕೂಸಿನ ಮಿದುಳು ಮತ್ತು ಬೆನ್ನುಹುರಿ ಮೊದಲಿಗೆ ಒಂದು ಚಪ್ಪಟೆ ಹಾಳೆ. ವೀಳ್ಯದೆಲೆ ಸುರುಳಿ ಸುತ್ತಿದಂತೆ ಅದು ತಾನೇ ಮಡಿಚಿಕೊಂಡು ಕೊಳವೆಯಾಗುತ್ತದೆ. ಮೇಲಿನ ತುದಿ ಮಿದುಳು, ಕೆಳಗಿನದು ಬೆನ್ನುಹುರಿ. ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಆ ಸುರುಳಿ ಪೂರ್ತಿ ಮುಚ್ಚಿಕೊಳ್ಳಬೇಕು. ಈ ಕೂಸಿನಲ್ಲಿ ಸೊಂಟದ ಹತ್ತಿರ ಅಗಲವಾಗಿ ತೆರೆದೇ ಉಳಿದಿದೆ. ಅದರಿಂದ ಮಿದುಳಿನ ಹಿಂಭಾಗ ಕೆಳಕ್ಕೆ ಜಗ್ಗಿ, ತಲೆಯಲ್ಲಿ ನೀರು ತುಂಬಿದೆ. ಹುಟ್ಟಿದರೂ ಕಾಲು ಆಡುವುದಿಲ್ಲ, ತಲೆಗೆ ಮೇಲಿಂದ ಮೇಲೆ ಆಪರೇಷನ್ ಬೇಕಾಗಬಹುದು.

"ಇದು ಯಾಕೆ ಇಂಗಾಯ್ತು ಮೇಡಂ?" ಎಂದ ಗಂಡ. ಅವನು ಮಾತು ಕಡಿಮೆಯ ಮನುಷ್ಯ.

"ಗ್ರಾಣದ ದಿವ್ಸ ಬ್ಯಾಡ ಬ್ಯಾಡ ಅಂದ್ರೂ ಈರುಳ್ಳಿ ಕೊಯ್ದ್ಲು," ಎಂದರು ಅತ್ತೆ. ನಾನು ಸುಮ್ಮನಿರದೆ, "ಗ್ರಹಣವೂ ಅಲ್ಲ ಏನೂ ಅಲ್ಲ, ಸೊಪ್ಪಿನ ಕೆಲಸ ಮಾಡಿರ್ತಾಳೆ," ಎಂದೆ. ನಮ್ಮ ಸೀಮೆಯಲ್ಲಿ ಯಾವ ಕಾಯಿಲೆ ಬಂದರೂ ನಾವು ಆರೋಗ್ಯ ಇಲಾಖೆಯವರು ಹೊಗೆಸೊಪ್ಪಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಅದು ಒಳ್ಳೆಯದಲ್ಲ ಎನ್ನುವುದು ನಿಜವೇ. ಆದರೆ ಅದನ್ನು ನೋಡಿ ನೋಡಿ ಬೇರೆ ಕಡೆ ನೋಡುವುದನ್ನೇ ಮರೆತಿದ್ದೆವು.

ಡಾಕ್ಟರಮ್ಮ ಇಬ್ಬರ ಮಾತನ್ನೂ ಪಕ್ಕಕ್ಕೆ ಸರಿಸಿ ಹುಡುಗಿಯ ಕಡೆ ತಿರುಗಿ, "ಬಸುರಾಗೋಕೆ ಮೊದಲಿಂದ ಏನಾದರೂ ಮಾತ್ರೆ ತಗೋತಾ ಇದ್ದೆಯಾ?" ಎಂದು ಕೇಳಿದರು. ಹುಡುಗಿ ಬಾಯಿ ತೆರೆಯುವ ಮೊದಲೇ ನಾನು ಕಾರ್ಡು ಮುಂದೆ ಚಾಚಿ, "ಎಲ್ಲಾ ಕೇಳಿದೀನಿ ಮೇಡಂ, ಏನೂ ಇಲ್ಲ," ಎಂದೆ. ನನ್ನ ಕೈಬರಹ ದುಂಡಗಿದೆ, ಯಾರು ನೋಡಿದರೂ ನಂಬುತ್ತಾರೆ. ಡಾಕ್ಟರಮ್ಮನೂ ನಂಬಿದರು.

ಮನೆಯವರು ಒಂದು ದಿನ ಯೋಚಿಸಿ ಗರ್ಭ ತೆಗೆಸಲು ಒಪ್ಪಿದರು. ಹುಡುಗಿಯೂ ಒಪ್ಪಿ ಸಹಿ ಮಾಡಿದಳು. ದೊಡ್ಡಾಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಕೊನೆಗೆ ಅವಳು ಕೇಳಿಕೊಂಡದ್ದಕ್ಕೆ ಬಟ್ಟೆಯಲ್ಲಿ ಸುತ್ತಿದ ಕೂಸಿನ ಮುಖವನ್ನು ಮಾತ್ರ ತೋರಿಸಿದರಂತೆ. ಹೆಣ್ಣು ಕೂಸು. ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ, ಆದರೂ ನನ್ನ ತಪ್ಪು ಏನಾದರೂ ಇದೆಯೆಂದು ಒಂದು ಕ್ಷಣಕ್ಕೂ ಅನ್ನಿಸಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಅವಳು ಉಪಕೇಂದ್ರಕ್ಕೆ ಒಬ್ಬಳೇ ಬಂದಳು. ಸುಸ್ತು, ಕಣ್ಣು ಕತ್ತಲೆ ಬರುತ್ತದೆ ಎಂದಳು. ಊರೆಲ್ಲ ಬ್ಯಾರನ್ನುಗಳಲ್ಲಿ, ಅಂದರೆ ಬೆಂಕಿಯ ಕಾವಿನಲ್ಲಿ ಹೊಗೆಸೊಪ್ಪು ಒಣಗಿಸುವ ಮನೆಗಳಲ್ಲಿ, ಸೊಪ್ಪು ಬೇಯಿಸುವ ಗಡಿಬಿಡಿಯಲ್ಲಿತ್ತು; ಅತ್ತೆಗೆ ಜೊತೆಗೆ ಬರಲು ಪುರಸೊತ್ತಿರಲಿಲ್ಲ. ರೆಪ್ಪೆ ಬಿಡಿಸಿ ನೋಡಿದೆ, ಬಿಳುಚಿತ್ತು. ನಾಲಿಗೆ ಚಾಚು ಎಂದೆ. ಕಿಟಕಿಯಿಂದ ಬಿಸಿಲು ನೇರವಾಗಿ ಬೀಳುತ್ತಿತ್ತು. ನಾಲಿಗೆಯ ಎಡ ಅಂಚಿನಲ್ಲಿ ಒಂದು ಹಳೆಯ ಕಚ್ಚು, ಅದರ ಪಕ್ಕದಲ್ಲೇ ಇನ್ನೊಂದು.

"ಇದೇನಮ್ಮ?"

"ಸಣ್ಣೋಳಿದ್ದಾಗ ಬಿದ್ದಿದ್ದೆ ಸಿಸ್ಟ್ರೇ."

ಬಿದ್ದವರು ಸಾಮಾನ್ಯವಾಗಿ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಾರೆ. ಅಂಚು ಹೀಗೆ ಕಚ್ಚುವುದು ಫಿಟ್ಸಿನಲ್ಲಿ. ಟ್ರೈನಿಂಗಿನಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡವಳು ನಾನು. ಜೂನಿನಲ್ಲೂ ಇದೇ ನಾಲಿಗೆ ನೋಡಿದ್ದೆ, ಬಣ್ಣ ನೋಡುವ ಆತುರದಲ್ಲಿ ಗುರುತು ನೋಡಿರಲಿಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು, "ಎಷ್ಟು ವರ್ಷದಿಂದ ಬರ್ತಿದೆ?" ಎಂದೆ.

ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು, ಅಳಲು ಶುರುಮಾಡಿದಳು. ಹದಿನಾಲ್ಕನೇ ವಯಸ್ಸಿನಿಂದ. ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿತ್ತು. ಅವಳವ್ವ ಎಲ್ಲೋ ತೋರಿಸಿ ಮಾತ್ರೆ ಕೊಡಿಸಿದ ಮೇಲೆ ಆರು ವರ್ಷದಿಂದ ಒಂದು ಸಲವೂ ಬಂದಿಲ್ಲ. ಅವತ್ತಿನ ಚೀಟಿಯನ್ನೇ ಇವತ್ತಿಗೂ ತೋರಿಸಿ ಅವ್ವ ಮಾತ್ರೆ ತರುತ್ತಾಳೆ. ಮದುವೆಯಾದ ಮೇಲೆ ಎರಡು ತಿಂಗಳಿಗೊಮ್ಮೆ ತವರಿಗೆ ಹೋದಾಗ 'ಶಕ್ತಿ ಮಾತ್ರೆ' ಡಬ್ಬಿಯೊಳಗೆ ತುಂಬಿ ಕೊಡುತ್ತಾಳೆ. ಗಂಡನ ಮನೆಯಲ್ಲಿ ಗೊತ್ತಾಗಬಾರದೆಂದು ದೇವರ ಮುಂದೆ ಆಣೆ ಮಾಡಿಸಿದ್ದಾಳೆ. ಸೀರೆ ಗಂಟಿನಿಂದ ಒಂದು ಮಾತ್ರೆ ಬಿಚ್ಚಿ ತೋರಿಸಿದಳು. ಹಿಂಬದಿಯ ಹೆಸರು ಓದಿದೆ: ವಾಲ್ಪ್ರೊಯೇಟ್. ಬೆನ್ನು ತೆರೆದ ಕೂಸಿಗೂ ಈ ಮಾತ್ರೆಗೂ ನಂಟಿದೆ ಎಂಬುದು ನಮ್ಮ ಕೈಪಿಡಿಯಲ್ಲೇ ಇತ್ತು.

ನನಗೆ ಮೊದಲು ಬಂದದ್ದು ಕೋಪ. ನನ್ನ ಸ್ವಭಾವವೇ ಹಾಗೆ. "ಅವತ್ತು ನಾನು ಅಷ್ಟು ಸ್ಪಷ್ಟವಾಗಿ ಕೇಳ್ದೆನಲ್ಲ, ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ನೀವು ಕೇಳ್ದಾಗ ನಮ್ಮತ್ತೆ ಪಕ್ಕದಲ್ಲೇ ಕೂತಿದ್ರು," ಎಂದಳು. ಆಮೇಲೆ ಮೆಲ್ಲಗೆ, "ಕೇಳ್ದೋರು ನೀವು, ಹೇಳ್ದೋರು ಅವ್ರು. ನನ್ನ ಯಾರು ಕೇಳುದ್ರು ಸಿಸ್ಟ್ರೇ?"

ಹದಿನಾರು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳಿಂದ ಬೈಸಿಕೊಂಡಿದ್ದೇನೆ, ಕುಡಿದು ಬಂದ ಗಂಡಂದಿರಿಂದ ಬೈಸಿಕೊಂಡಿದ್ದೇನೆ. ಇಷ್ಟು ನೆಟ್ಟಗೆ ಯಾರೂ ಬೈದಿರಲಿಲ್ಲ. ಅವಳು ಬೈದದ್ದೂ ಅಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ.

ಕೂಸಿನ ಬೆನ್ನಿಗೂ ಮಾತ್ರೆಗೂ ಇರುವ ನಂಟನ್ನು ಅವಳಿಗೆ ತಿಳಿಸದೆ ವಿಧಿಯಿರಲಿಲ್ಲ. ತಿಳಿಸಿದೆ. ಅವಳು ಆ ಮಾತ್ರೆಯನ್ನು ಮೇಜಿನ ಮೇಲೆ ದೂರ ತಳ್ಳಿ, "ಅಂಗಾರೆ ಇವತ್ತಿಂದ್ಲೇ ಬುಟ್ಬುಡ್ತೀನಿ," ಎಂದಳು. ಅದು ಇನ್ನೂ ದೊಡ್ಡ ಅಪಾಯ. ವರ್ಷಗಟ್ಟಲೆ ತೆಗೆದುಕೊಂಡ ಫಿಟ್ಸಿನ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಫಿಟ್ಸು ಒಂದರ ಹಿಂದೊಂದು ಬರಬಹುದು, ಜೀವವೇ ಹೋಗಬಹುದು. ಮೇಲಾಗಿ ಆ ಮನೆಯ ಹಿತ್ತಲಲ್ಲಿ ಬ್ಯಾರನ್ನಿನ ಬೆಂಕಿ, ಮುಂದೆ ನೀರಿನ ತೊಟ್ಟಿ. ಡಾಕ್ಟರು ಹೇಳುವ ತನಕ ಒಂದು ಮಾತ್ರೆಯನ್ನೂ ಬಿಡಕೂಡದು, ಅಲ್ಲಿಯ ತನಕ ಬಸುರೂ ಆಗಕೂಡದು ಎಂದು ಅವಳ ಕೈ ಹಿಡಿದು ಮಾತು ತೆಗೆದುಕೊಂಡೆ. ಮನೆಯಲ್ಲಿ ಹೇಳಬೇಡಿ ಎಂದು ಅವಳೂ ನನ್ನಿಂದ ಮಾತು ತೆಗೆದುಕೊಂಡಳು. "ಗೊತ್ತಾದ್ರೆ ತವ್ರಿಗೆ ಕಳಿಸ್ಬುಡ್ತಾರೆ ಸಿಸ್ಟ್ರೇ." ಕಾಯಿಲೆ ಅವಳದು, ಹೇಳುವ ಬಿಡುವ ಹಕ್ಕೂ ಅವಳದೇ. ಒಪ್ಪಿದೆ.

ಅತ್ತೆಗೆ ನಾನು ಹೇಳಿದ್ದು ಅರ್ಧ ಸತ್ಯ. ರಕ್ತ ಒಂಬತ್ತಕ್ಕೆ ಇಳಿದಿದೆ, ಆರು ತಿಂಗಳು ಬಸುರು ಬೇಡ, ವಾರಕ್ಕೊಮ್ಮೆ ಉಪಕೇಂದ್ರಕ್ಕೆ ಕಳಿಸಿ. ರಕ್ತ ಒಂಬತ್ತಿದ್ದದ್ದು ನಿಜ. ಅಷ್ಟರ ಮೇಲೆ ಉಳಿದದ್ದೆಲ್ಲ ಹೊದಿಸಿದೆ.

ದಸರೆಗೆ ಅವಳು ತವರಿಗೆ ಹೋದಾಗ ನಾನು ಒಂದು ದಿನ ರಜೆ ಹಾಕಿ ಮೈಸೂರಿಗೆ ಹೋದೆ. ತಾಯಿ ಮಗಳು ಸರಗೂರಿನಿಂದ ಬಸ್ಸಿನಲ್ಲಿ ಬಂದಿಳಿದರು. ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರು ವಯಸ್ಸಾದವರು, ಸಮಾಧಾನದಿಂದ ಕೇಳಿಸಿಕೊಂಡರು. "ಬೆನ್ನು ತೆರೆಯೋದು ಒಂದೇ ಅಲ್ಲ," ಎಂದರು ನನ್ನ ಕಡೆ ನೋಡಿ. "ಮಿದುಳು ಒಂಬತ್ತು ತಿಂಗಳೂ ಕಟ್ಟುತ್ತಾ ಇರುತ್ತೆ. ಬೆನ್ನು ಸರಿಯಾಗಿ ಮುಚ್ಚಿದ ಮಕ್ಕಳಲ್ಲೂ ಈ ಮಾತ್ರೆಯಿಂದ ಮಾತು ತಡವಾಗಬಹುದು, ಕಲಿಯೋದು ಕಷ್ಟ ಆಗಬಹುದು. ಅದು ಯಾವ ಸ್ಕ್ಯಾನಿಂಗಲ್ಲೂ ಕಾಣಲ್ಲ." ಹಳೆಯದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ, ಲೆವೆಟಿರಾಸೆಟಮ್ ಎಂಬ ಬೇರೆ ಮಾತ್ರೆಯನ್ನು ಹಾಗೆಯೇ ಏರಿಸಬೇಕು. ಪೂರ್ತಿ ಬದಲಾಗಿ, ಕೆಲವು ತಿಂಗಳು ಫಿಟ್ಸಿಲ್ಲದೆ ಕಳೆದ ಮೇಲೆ ಬಸುರು. ಅದಕ್ಕೂ ಮೊದಲಿಂದಲೇ ಫೋಲಿಕ್ ಆಸಿಡ್, ನಾನು ಕೊಡುವ ಪುಟ್ಟ ಮಾತ್ರೆಯಲ್ಲ, ಅದಕ್ಕಿಂತ ದೊಡ್ಡ ಪ್ರಮಾಣದ್ದು.

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಎಂಟು ವಾರದ ಪಟ್ಟಿ ಹಾಕಿದೆ. ಬೆಳಿಗ್ಗೆಗೆ ಒಂದು ಸಾಲು, ಸಂಜೆಗೆ ಒಂದು ಸಾಲು. ಹಳೆಯ ಮಾತ್ರೆಗೆ ಕೆಂಪು ಚುಕ್ಕೆ, ಹೊಸದಕ್ಕೆ ನೀಲಿ. ಪಟ್ಟಿ ನನ್ನ ಬೀರುವಿನಲ್ಲಿ, ಮಾತ್ರೆಗಳೂ ಅಲ್ಲೇ. ವಾರಕ್ಕೊಮ್ಮೆ ರಕ್ತದ ನೆಪದಲ್ಲಿ ಬಂದು ಏಳು ದಿನದ ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಊರಿನ ಆಶಾ ಕಾರ್ಯಕರ್ತೆಗೆ ಮಾತ್ರ, ಹುಡುಗಿಯನ್ನು ಕೇಳಿಯೇ, ವಿಷಯ ಹೇಳಿದ್ದೆ. ನಾಲ್ಕು ವಾರ ಸಲೀಸಾಗಿ ನಡೆಯಿತು. ನನಗೆ ನನ್ನ ಜಾಣತನದ ಮೇಲೆ ಮತ್ತೆ ಹೆಮ್ಮೆ ಬರತೊಡಗಿತ್ತು.

ಐದನೇ ವಾರ ಅವಳು ಬರಲಿಲ್ಲ. ಒಣಗಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸ ಜೋರಾಗಿತ್ತು, ಮನೆಯ ಹೆಂಗಸರೆಲ್ಲ ಬೆಳಗಿನಿಂದ ಕೊಟ್ಟಿಗೆಯಲ್ಲಿ ಕೂರುತ್ತಿದ್ದರು. ಒಂದು ದಿನ ತಡವಾದರೆ ಏನಾಗುತ್ತದೆ, ನಾಳೆ ಬರುತ್ತಾಳೆ ಎಂದುಕೊಂಡೆ. ನಾಳೆಯೂ ಬರಲಿಲ್ಲ. ನಾನೇ ಹೋಗಬಹುದಿತ್ತು, ನಡೆದರೆ ಎರಡು ನಿಮಿಷದ ದಾರಿ. ವರದಿ ಬರೆಯುವುದಿದೆ ಎಂದು ಕೂತೆ. ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಆಶಾ ಕಾರ್ಯಕರ್ತೆ ಓಡಿ ಬಂದಳು. "ಬಿದ್ಬುಟ್ಳು ಸಿಸ್ಟ್ರೇ, ಸೊಪ್ಪಿನ್ ಮ್ಯಾಲೇ ಬಿದ್ಬುಟ್ಳು!"

ನಾನು ಹೋಗುವಷ್ಟರಲ್ಲಿ ಕೊಟ್ಟಿಗೆ ತುಂಬ ಜನ. ಯಾರೋ ಅವಳ ಮುಷ್ಟಿಗೆ ಬೀಗದ ಕೈ ತುರುಕಿದ್ದರು, ಇನ್ನೊಬ್ಬರು ಹಲ್ಲಿನ ನಡುವೆ ಸೌಟಿನ ಹಿಡಿ ಇಡಲು ನೋಡುತ್ತಿದ್ದರು. ಎಲ್ಲರನ್ನೂ ಗದರಿ ಆಚೆ ಸರಿಸಿ, ಅವಳನ್ನು ಎಡ ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ನನ್ನ ಕೈ ಕೊಟ್ಟು ಗಡಿಯಾರ ನೋಡುತ್ತಾ ಕೂತೆ. ಒಂದೂವರೆ ನಿಮಿಷ. ಸೆಳೆತ ನಿಂತಿತು, ಉಸಿರು ಗೊರಗೊರ ಎಂದು ಆಮೇಲೆ ಸಮವಾಯಿತು. ಅತ್ತೆ ಕಂಬ ಹಿಡಿದು ನಿಂತಿದ್ದರು.

"ನರ್ಸವ್ವ, ಇದು ಏನು?" ಎಂದರು. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

ಗೊತ್ತಿಲ್ಲ ಎಂದುಬಿಡಬಹುದಿತ್ತು. ಸೆಖೆಗೆ, ಸುಸ್ತಿಗೆ ಹೀಗಾಗಿದೆ ಎಂದರೂ ನಡೆಯುತ್ತಿತ್ತು. ಹುಡುಗಿಗೆ ಇನ್ನೂ ಮಂಪರು. ಅವಳ ಬಾಯಿಂದ ಒಪ್ಪಿಗೆ ಬರದೆ ಹೇಳುವಂತಿಲ್ಲ, ಇನ್ನೊಂದು ಸುಳ್ಳು ಹೇಳಲು ನನಗೆ ನಾಲಿಗೆ ಬರಲಿಲ್ಲ. "ಅವಳಿಗೆ ಎಚ್ಚರ ಆಗಲಿ ಅಮ್ಮ, ಅವಳನ್ನ ಕೇಳಿ ಹೇಳ್ತೀನಿ," ಎಂದು ಜನರನ್ನೆಲ್ಲ ಹೊರಗೆ ಕಳಿಸಿ ಅಲ್ಲೇ ಕೂತೆ. ಅರ್ಧ ಗಂಟೆಯ ಮೇಲೆ ಕಣ್ಣು ಬಿಟ್ಟಳು. ಹೇಳಲಾ ಎಂದು ಕೇಳಿದೆ. ಇನ್ನು ಮುಚ್ಚಿಡುವುದಕ್ಕೆ ಉಳಿದದ್ದೇನೂ ಇಲ್ಲವೆಂದು ಅವಳಿಗೂ ಗೊತ್ತಾಗಿತ್ತು, ತಲೆಯಾಡಿಸಿದಳು. ಕೊಟ್ಟಿಗೆಯಲ್ಲಿ ನಾವು ಮೂವರೇ ಇದ್ದಾಗ ಎಲ್ಲವನ್ನೂ ಹೇಳಿದೆ. ಕಾಯಿಲೆ, ಮಾತ್ರೆ, ಹೋದ ಕೂಸಿನ ಬೆನ್ನು, ರಕ್ತದ ನೆಪ.

"ಸರ್ಕಾರದೋಳು ನೀನೇ ನನ್ ಮನೆ ಬಾಗ್ಲಿಗೆ ಬಂದು ಸುಳ್ಳು ಹೇಳುದ್ಯಾ?" ಎಂದರು ಅತ್ತೆ. ಸೊಸೆಗೆ ಒಂದು ಮಾತನ್ನೂ ಆಡಲಿಲ್ಲ. ಅವತ್ತೇ ಸಂಜೆಯೊಳಗೆ ಅವಳ ಅವ್ವನನ್ನು ಕರೆಸಿ, ಬಟ್ಟೆಯ ಗಂಟಿನ ಸಮೇತ ಸರಗೂರಿಗೆ ಕಳಿಸಿಬಿಟ್ಟರು. ಗಂಡ ರಸ್ತೆಯ ತನಕ ಗಂಟು ಹೊತ್ತು ತಂದು ಬಸ್ಸಿಗೆ ಏರಿಸಿ ಮನೆಗೆ ಹಿಂದಿರುಗಿದ.

ನನಗೆ ಗೊತ್ತಾಗುವಷ್ಟರಲ್ಲಿ ಬಸ್ಸು ಹೋಗಿತ್ತು, ಐದನೇ ವಾರದ ಮಾತ್ರೆ ನನ್ನ ಬೀರುವಿನಲ್ಲೇ ಉಳಿದಿತ್ತು. ಸರಗೂರು ನನ್ನ ವ್ಯಾಪ್ತಿಯಲ್ಲ, ನನ್ನ ತಾಲ್ಲೂಕೂ ಅಲ್ಲ. ಮರುದಿನ ಭಾನುವಾರ. ಹುಣಸೂರಿನಿಂದ ಎಚ್.ಡಿ. ಕೋಟೆಗೆ ಒಂದು ಬಸ್ಸು, ಅಲ್ಲಿಂದ ಸರಗೂರಿಗೆ ಇನ್ನೊಂದು, ಆಮೇಲೆ ಆಟೋ. ಪಟ್ಟಿಯನ್ನೂ ಮಾತ್ರೆಗಳನ್ನೂ ಚೀಲದಲ್ಲಿಟ್ಟುಕೊಂಡು ಹೋದೆ. ಅವಳವ್ವ ನನ್ನನ್ನು ಒಳಗೆ ಕರೆಯಲೂ ಇಲ್ಲ.

"ಆರ್ ವರ್ಸ ಒಂದ್ ದಿನ ಬಂದಿರ್ನಿಲ್ಲ. ನೀವ್ ಬಂದು ಮಾತ್ರೆ ಬದ್ಲಾಯ್ಸಿ ನನ್ ಮಗಳ ಬಾಳ ಬೀದಿಗ್ ತಂದ್ರಿ. ಹಳೇದ್ನೇ ಕೊಡ್ತೀನಿ ನಾನು, ನೀವು ಹೋಗ್ರವ್ವ."

ಹಳೆಯ ಮಾತ್ರೆ ಅವಳನ್ನು ಕಾಪಾಡಿತ್ತು ಎನ್ನುವುದು ಸುಳ್ಳಲ್ಲ. ಬೀಳುವ ದಿನ ಮಾತ್ರೆ ತಪ್ಪಿದ್ದು ನನ್ನ ಸೋಮಾರಿತನದಿಂದ ಎನ್ನುವುದೂ ಸುಳ್ಳಲ್ಲ. ಅವಳನ್ನು ಅವಳ ಪಾಡಿಗೆ ಬಿಟ್ಟು ಹೊರಟುಬಿಡೋಣ ಎಂದು ಒಂದು ಗಳಿಗೆ ನಿಜವಾಗಿ ಅನ್ನಿಸಿತು. ಆಗ ಹುಡುಗಿ ಒಳಗಿನಿಂದ ಬಂದು ನನ್ನ ಚೀಲದಿಂದ ಪಟ್ಟಿಯನ್ನು ತಾನೇ ಎಳೆದುಕೊಂಡಳು.

"ನಾನು ಅದ ನುಂಗಾಕಿಲ್ಲ ಕಣವ್ವ. ಮಗೀನ ಮುಖ ನೀನು ನೋಡ್ನಿಲ್ಲ, ನಾನ್ ನೋಡಿವ್ನಿ."

ಅವ್ವ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ, ತಪ್ಪಿದ ದಿನಗಳನ್ನೂ ಬಂದ ಫಿಟ್ಸನ್ನೂ ವಿವರಿಸಿ, ಯಾವ ಮೆಟ್ಟಿಲಿನಿಂದ ಮುಂದುವರಿಸಬೇಕೆಂದು ಕೇಳಿಕೊಂಡೆ. ಎರಡನೇ ವಾರದ ಮೆಟ್ಟಿಲಿನಿಂದ ಮತ್ತೆ ಶುರುಮಾಡಿ ಎಂದರು. ಪಟ್ಟಿ ಅವಳ ಮನೆಯ ಗೋಡೆಗೆ ಬಂತು. ದಿನಕ್ಕೆ ಎರಡು ಹೊತ್ತು ಮಾತ್ರೆ ನುಂಗಿ ಚುಕ್ಕೆಯ ಮೇಲೆ ಗೆರೆ ಎಳೆದು ನನಗೆ ಒಂದು ಮಿಸ್ಡ್ ಕಾಲ್ ಕೊಡುವುದು. ಏಳು ವಾರದಲ್ಲಿ ಒಂದು ಮಿಸ್ಡ್ ಕಾಲೂ ತಪ್ಪಲಿಲ್ಲ. ಕೆಂಪು ಚುಕ್ಕೆ ಮುಗಿದ ದಿನ ಮಾತ್ರ ನಿಜವಾದ ಕರೆ ಬಂತು.

ಗಂಡ ಉಪಕೇಂದ್ರದ ಮುಂದೆ ಎರಡು ಮೂರು ದಿನ ಅಡ್ಡಾಡಿದ. ಒಂದು ದಿನ ಧೈರ್ಯ ಮಾಡಿ ಒಳಗೆ ಬಂದು, "ಅವ್ಳು ಹೆಂಗವ್ಳೆ ಮೇಡಂ?" ಎಂದ.

"ನಿಮ್ಮ ಹೆಂಡ್ತಿ ಹೇಗಿದಾಳೆ ಅಂತ ನನ್ನ ಕೇಳ್ತೀರಲ್ಲಪ್ಪ, ನಾಚಿಕೆ ಆಗಲ್ವಾ? ಮುಂದಿನ ವಾರ ಡಾಕ್ಟರ ಹತ್ತಿರ ತೋರಿಸೋದಿದೆ, ಬಂದು ನೀವೇ ನೋಡಿ."

ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಬಂದ. ಡಾಕ್ಟರ ಮುಂದೆ ಕೈಕಟ್ಟಿ ನಿಂತು, ಇದು ಮಕ್ಕಳಿಗೂ ಬರುತ್ತದೆಯೇ ಎಂದು ಕೇಳಿದ. ಬರುವ ಸಂಭವ ಸ್ವಲ್ಪ ಇದೆ, ಬರದಿರುವುದೇ ಹೆಚ್ಚು ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ಅವನು ಹೆಂಡತಿಯ ಮುಖ ನೋಡದೆ, "ಸರಗೂರ್ಗೆ ಹೋಗಿ ಬಟ್ಟೆ ಕಟ್ಕೊ, ನಮ್ಮನೆಗೆ ಹೋಗವ," ಎಂದ. ಅಮ್ಮನನ್ನು ಕೇಳಿದ್ದನೋ ಇಲ್ಲವೋ ಗೊತ್ತಿಲ್ಲ.

ಮನೆಯಲ್ಲಿ ಅತ್ತೆ ಒಂದು ತಿಂಗಳು ಸೊಸೆಯನ್ನು ಮಾತಾಡಿಸಲಿಲ್ಲವಂತೆ. ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಒಂದು ಮಧ್ಯಾಹ್ನ ಉಪಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕೂರದೆ ನಿಂತೇ ಕೇಳಿದರು: "ಅದು ಬಂದ್ರೆ ಮಗ್ಗುಲಿಗೆ ಹೊರಳ್ಸುದ್ಯಲ್ಲ, ಅದ ನಂಗೂ ತೋರ್ಸ್ಕೊಡು. ಮನೇಲಿ ಹಗ್ಲೆಲ್ಲ ಇರೋಳು ನಾನೇ ತಾನೆ." ನಾನು ನೆಲದ ಮೇಲೆ ಚಾಪೆ ಹಾಸಿ ಮಲಗಿದೆ. ಒಂದು ಕೈ ಭುಜಕ್ಕೆ, ಇನ್ನೊಂದು ಮೊಣಕಾಲಿಗೆ. ಎರಡು ಸಲ ತಪ್ಪಿ ಮೂರನೆಯ ಸಲ ಹೊರಳಿಸಿದರು. "ನೀನು ಬಲು ಭಾರ ಕಣವ್ವ, ಅವ್ಳು ಹಗುರ," ಎಂದು ಏದುಸಿರು ಬಿಟ್ಟರು. ಮಲಗಿದ್ದಲ್ಲೇ ನನಗೆ ನಗು ಬಂತು, ಅವರಿಗೂ ಬಂತು.

ಅಂದಿನಿಂದ ಉಪಕೇಂದ್ರದಲ್ಲಿ ಒಂದು ಕ್ರಮ ಬದಲಾಯಿಸಿದ್ದೇನೆ. ತೂಕದ ಯಂತ್ರವನ್ನು ಜಗುಲಿಯಿಂದ ಕೋಣೆಯ ಒಳಕ್ಕೆ ಒಯ್ದಿದ್ದೇನೆ, ತೂಕಕ್ಕೆ ಒಬ್ಬರೇ ಬರಬೇಕು ಎಂಬ ನಿಯಮ ಮಾಡಿದ್ದೇನೆ. ಕಾಯಿಲೆಗಳ ಸಾಲನ್ನು ಓದುವುದು ಅಲ್ಲಿ, ಬಾಗಿಲು ಹಾಕಿಕೊಂಡು. ಒಂದು ಕಾರ್ಡಿಗೆ ಅರ್ಧ ಗಂಟೆ ಹಿಡಿಯುತ್ತದೆ. ಮೀಟಿಂಗಿನಲ್ಲಿ ನನ್ನ ಕೆಲಸ ನಿಧಾನವಾಗಿದೆ ಎಂದು ಹೇಳಿಸಿಕೊಂಡಿದ್ದೂ ಆಯಿತು.

ಡಾಕ್ಟರು ಹೇಳಿದ ಅವಧಿಗಿಂತ ಎರಡು ತಿಂಗಳು ಹೆಚ್ಚೇ ಕಾದು, ದೊಡ್ಡ ಪ್ರಮಾಣದ ಫೋಲಿಕ್ ಆಸಿಡ್ ನುಂಗುತ್ತಲೇ ಹುಡುಗಿ ಮತ್ತೆ ಬಸುರಾದಳು. ಈ ಸಲ ಮೂರು ತಿಂಗಳು ಕಾಯಲಿಲ್ಲ, ಮುಟ್ಟು ತಪ್ಪಿದ ಐದನೇ ದಿನ ನನಗೆ ಗೊತ್ತಾಯಿತು. ಐದನೇ ತಿಂಗಳ ಸ್ಕ್ಯಾನಿಂಗಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ ನಾನೂ ಹೋದೆ. ಅದೇ ಡಾಕ್ಟರಮ್ಮ. ಗಂಡ ಹೆಂಡತಿ ಒಳಗೆ ಹೋದರು. ನಾನೂ ಅತ್ತೆಯೂ ಹೊರಗಿನ ಹಾಲಿನಲ್ಲಿ ಕೂತೆವು. ಬಸುರಿಯರು, ಅವರ ಅಮ್ಮಂದಿರು, ಅತ್ತೆಯರು, ಕೂರಲು ಜಾಗವಿಲ್ಲದಷ್ಟು ಜನ.

"ನರ್ಸವ್ವ, ಮೊದ್ಲು ಮಗೀಗೂ ಹಿಂಗೇ ಮಾಡಿದ್ರೆ ಉಳೀತಿತ್ತಾ?" ಎಂದು ಅತ್ತೆ ಕೇಳಿದರು.

ಈ ಪ್ರಶ್ನೆಯನ್ನು ನಾನೇ ನೂರು ಸಲ ಕೇಳಿಕೊಂಡಿದ್ದೆ. ಉತ್ತರವನ್ನು ಯಾರಿಗೂ ಹೇಳಿರಲಿಲ್ಲ. "ಉಳೀಬಹುದಿತ್ತೇನೋ. ಆದರೆ ನೀವು ನನ್ನ ಹತ್ರ ಬಂದಾಗಲೇ ಕಾಲ ಮೀರಿತ್ತು ಅಮ್ಮ. ಮುಟ್ಟು ತಪ್ಪಿದೆ ಅಂತ ಗೊತ್ತಾಗೋ ಹೊತ್ತಿಗೆ ಬೆನ್ನು ಮುಚ್ಚೋ ಕೆಲಸ ಮುಗೀತಾ ಬಂದಿರುತ್ತೆ. ಅವಳನ್ನ ಕೇಳಬೇಕಾಗಿದ್ದು ಬಸುರಾದ ಮೇಲಲ್ಲ, ಅದಕ್ಕೂ ಮೊದಲು."

"ಅಂದ್ರೆ ಹೆಣ್ಣು ನೋಡೋಕೋದಾಗ."

"ಆಗಲೇ ಗೊತ್ತಿದ್ದಿದ್ರೆ ಮಾತ್ರೆ ಬದಲಾಯಿಸಬಹುದಿತ್ತು."

"ಹೇಳಿದ್ರೆ ನಾವು ಮಾಡ್ಕೊತಿರ್ನಿಲ್ಲ ಕಣವ್ವ," ಎಂದರು. "ಎದ್ದು ಬಂದ್ಬುಡ್ತಿದ್ದೋ. ಅದ್ಕೇ ಅವ್ರವ್ವ ಹೇಳ್ನಿಲ್ಲ. ಆ ಕೂಸು ಹೋಗಿದ್ದು ನನ್ನಂಥೋರ್ಗೆ ಹೆದ್ರಿ ಮುಚ್ಚಿಟ್ಟಿದ್ಕೇ."

ಸಮಾಧಾನ ಹೇಳಬೇಕೆನ್ನಿಸಿತು. ಹೇಳಿದರೆ ಅದು ಸುಳ್ಳಾಗುತ್ತಿತ್ತು, ಅವರಿಗೆ ನಾನು ಹೇಳಿದ್ದ ಸುಳ್ಳುಗಳು ಸಾಕಾಗಿದ್ದವು. ಅವರ ಮೊಣಕಾಲ ಮೇಲೆ ಕೈಯಿಟ್ಟು ಕೂತೆ.

ಬಾಗಿಲು ತೆರೆಯಿತು. ಡಾಕ್ಟರಮ್ಮನೇ ಹೊರಗೆ ಬಂದು ನನ್ನನ್ನು ಹುಡುಕಿ, "ಬೆನ್ನು ಪೂರ್ತಿ ಮುಚ್ಚಿದೆ ಸಿಸ್ಟರ್. ತಲೆಯಲ್ಲಿ ನೀರಿಲ್ಲ. ಮಿದುಳು ಈ ತಿಂಗಳಿಗೆ ಹೇಗಿರಬೇಕೋ ಹಾಗಿದೆ. ಉಳಿದದ್ದು ಹುಟ್ಟಿದ ಮೇಲೆ ನೋಡ್ತಾ ಹೋಗಬೇಕು," ಎಂದರು. ಅವರ ಹಿಂದೆ ಗಂಡ ಗೋಡೆಗೆ ಒರಗಿ ಅಂಗಿಯ ತೋಳಿನಿಂದ ಕಣ್ಣೊರೆಸುತ್ತಿದ್ದ. ಹುಡುಗಿ ಸೀರೆ ಸರಿಮಾಡಿಕೊಂಡು ನಿಧಾನವಾಗಿ ಬಂದಳು.

ಅತ್ತೆ ಎದ್ದು ನಿಂತರು. ಸೊಸೆಯನ್ನು ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಚೀಲದಿಂದ ನೀರಿನ ಬಾಟಲಿ ತೆಗೆದು, ಹೊಲದಾಚೆಯವರನ್ನು ಕರೆಯುವಷ್ಟು ದೊಡ್ಡ ದನಿಯಲ್ಲಿ ಕೇಳಿದರು:

"ಬೆಳಿಗ್ಗೆ ಬಸ್ಸಿನ್ ಗಡಿಬಿಡೀಲಿ ಫಿಟ್ಸಿನ್ ಮಾತ್ರೆ ನುಂಗುದ್ಯಾ ಇಲ್ವಾ ಮಗ?"

ಹಾಲಿನಲ್ಲಿ ಮಾತು ನಿಂತಿತು. ಹತ್ತಾರು ತಲೆ ನಮ್ಮ ಕಡೆ ತಿರುಗಿದವು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅತ್ತೆ ಮಾತ್ರೆಯನ್ನು ತಾವೇ ಬಿಡಿಸಿ ಅವಳ ಅಂಗೈಗಿಟ್ಟು ಬಾಟಲಿಯ ಮುಚ್ಚಳ ತಿರುಗಿಸಿದರು. ಅವಳು ಅಷ್ಟು ಜನರ ನಡುವೆ ನಿಂತುಕೊಂಡೇ ನುಂಗಿದಳು.